ಲಾಳಿ ಮತ್ತು ನಾನು ಕೂಗದ ಕೂಗು

ಹೋದ ತಿಂಗಳು ಒಂದು ಬೆಳಿಗ್ಗೆ ನಮ್ಮ ಮನೆಯವರು ದ್ರಾಕ್ಷಿ ಬಳ್ಳಿಗೆ ಹೊಡೆಯಲೆಂದು ಜಮಖಂಡಿ ಪೇಟೆಯಿಂದ ಮೈಲುತುತ್ತದ ವಿಷ ತಂದರು. ತಂದವರು ಪೊಟ್ಟಣವನ್ನು ನೇರ ತೋಟಕ್ಕೆ ಒಯ್ಯಬೇಕೋ ಬೇಡವೋ? ಅಡುಗೆಮನೆಯ ಕಟ್ಟೆಯ ಮೇಲೆ, ಸಕ್ಕರೆ ಡಬ್ಬಿಗೆ ಒತ್ತಿ ಇಟ್ಟು ಸ್ನಾನಕ್ಕೆ ಹೋದರು. ಗಂಡಸರ ಕಣ್ಣಿಗೆ ಮನೆಯೊಳಗಿನ ಖಾಲಿ ಜಾಗವೆಲ್ಲ ಅವರ ಕೈಯಲ್ಲಿದ್ದದ್ದನ್ನು ಇಳಿಸುವ ಜಾಗವೇ. ಪೊಟ್ಟಣದ ಮೂಲೆ ಹರಿದು ನಾಲ್ಕು ನೀಲಿ ಹರಳು ಕಟ್ಟೆಯ ಮೇಲೆ ಬಿದ್ದಿದ್ದವು. ನಾನು ಚಹಾಕ್ಕೆ ಹಾಲು ತೆಗೆಯಲು ಬಂದವಳು ಅವನ್ನು ನೋಡಿದೆ. ನೋಡಿದವಳೇ ಬಾಗಿಲಿಗೆ ಓಡಿ, ಓಣಿಗೆಲ್ಲ ಕೇಳುವಂತೆ, "ತುತ್ತ ಬಿತ್ರೀ" ಎಂದು ಒದರಿದೆ.

ಮನೆಯವರು ಮೈಯೆಲ್ಲ ಸಾಬೂನಿನೊಂದಿಗೆ ಹೊರಗೆ ಬಂದರು. ಎದುರುಮನೆಯ ಮುದುಕಿ ಯಾರು ಬಿದ್ದರು ಎಂದು ಕೇಳಿದಳು. ಯಾರೂ ಬಿದ್ದಿಲ್ಲವೆಂದು ಸಮಾಧಾನ ಹೇಳಿ ಒಳಗೆ ಬಂದು ಕುಳಿತೆ. ನಾನು ಕಲಿಸುವ ಹೊಲಿಗೆ ಕ್ಲಾಸಿನ ಹುಡುಗಿಯರಿಗೆ ಕೈ ನಡುಗಬಾರದು, ಹೊಲಿಗೆ ಸೊಟ್ಟ ಬೀಳುತ್ತದೆ ಎಂದು ದಿನಾ ಬೈಯುವವಳು ನಾನು. ಅವತ್ತು ಸೂಜಿಗೆ ದಾರ ಪೋಣಿಸಲು ಆಗಲಿಲ್ಲ.

ಈ ಕೂಗಿನ ಕಥೆ ಹೇಳಬೇಕೆಂದರೆ ನಿಮ್ಮನ್ನು ಬನಹಟ್ಟಿಗೆ, ನನ್ನ ತವರುಮನೆಗೆ ಕರೆದುಕೊಂಡು ಹೋಗಬೇಕು. ಹನ್ನೆರಡು ವರ್ಷ ಹಿಂದೆ. ಆಗ ನಮ್ಮದು ಕೈಮಗ್ಗದ ಮನೆ. ಓಣಿಯಲ್ಲಿ ಅರ್ಧ ಮನೆಗಳಿಗೆ ವಿದ್ಯುತ್ ಮಗ್ಗ ಬಂದು ಅವುಗಳ ಖಟಖಟಕ್ಕೆ ಗೋಡೆಯ ಮೇಲಿನ ದೇವರ ಪಟ ಅಲುಗುತ್ತಿದ್ದರೂ ನಮ್ಮ ಅಪ್ಪ ಮಾತ್ರ ಮಗ್ಗದ ಕೆಳಗಿನ ಕುಣಿಯೊಳಗೆ ಕಾಲು ಇಳಿಬಿಟ್ಟೇ ಸೀರೆ ನೇಯುತ್ತಿದ್ದ. ಸೀರೆಯ ಹಾಸು, ಅಂದರೆ ಉದ್ದಕ್ಕೆ ಹೋಗುವ ನೂಲನ್ನು ಬೆಳಿಗ್ಗೆ ಬಿಸಿಲು ಏರುವ ಮೊದಲು ಓಣಿಯ ಉದ್ದಕ್ಕೂ ಎಳೆದು ಕಟ್ಟಿ, ಅದಕ್ಕೆ ಗಂಜಿ ಹಚ್ಚಬೇಕು. ಗಂಜಿ ಕುಡಿದ ಎಳೆ ಮಗ್ಗದ ಮೇಲೆ ಹರಿಯುವುದಿಲ್ಲ. ಮಳೆಗಾಲದಲ್ಲಿ ಆ ಗಂಜಿಗೆ ಒಂದಿಷ್ಟು ಮೈಲುತುತ್ತವನ್ನು ಕುಟ್ಟಿ ಹಾಕದಿದ್ದರೆ ನೂಲಿಗೆ ಬೂಷ್ಟು ಹಿಡಿಯುತ್ತದೆ.

ಗಂಜಿ ಕುದಿಯುವುದು ಅಡುಗೆಮನೆಯ ಒಲೆಯ ಮೇಲೆಯೇ. ಉಣ್ಣುವ ಹಿಟ್ಟು, ಉಣ್ಣುವ ಒಲೆ, ಅದರೊಳಗೆ ವಿಷ. ಅದಕ್ಕೆ ನಮ್ಮ ಮನೆಯಲ್ಲಿ ಅಜ್ಜನ ಕಾಲದ ಒಂದು ಕಟ್ಟಳೆ ಇತ್ತು. ತುತ್ತ ಹಾಕುವ ಕೈ ಒಂದೇ ಇರಬೇಕು. ಹಾಕಿದವರು ಆ ಕ್ಷಣವೇ ಬಾಗಿಲಲ್ಲಿ ನಿಂತು "ತುತ್ತ ಬಿತ್ರೀ" ಎಂದು ಕೂಗಬೇಕು. ಆ ಕೂಗು ಕೇಳಿದ ಮೇಲೆ ಪಾತ್ರೆಗೆ ಯಾರೂ ಸೌಟು ಹಾಕುವಂತಿಲ್ಲ. ಕೂಗು ಕೇಳದಿದ್ದರೆ ಅದು ಬರೀ ಹಿಟ್ಟಿನ ಗಂಜಿ. ಹದಿನಾರಕ್ಕೆ ಬಂದ ಮೇಲೆ ಅಪ್ಪ ಆ ಕೆಲಸವನ್ನು ನನಗೆ ಕೊಟ್ಟಿದ್ದ. ನನಗೋ, ನನಗೊಂದು ಅಧಿಕಾರ ಸಿಕ್ಕಿತೆಂದು ಮೂಗು ಒಂದು ಗೇಣು ಮೇಲೆ.

ಕೂಗುವ ಮೊದಲು ಆಗಬೇಕಾದ ಇನ್ನೊಂದು ಕೆಲಸವಿತ್ತು. ಪಾತ್ರೆಯ ಬುಡದಿಂದ ಗಟ್ಟಿ ಗಂಜಿಯನ್ನು ಒಂದು ಬಟ್ಟಲು ತೆಗೆದು, ಆರಿಸಿ, ಚೂರು ಬೆಲ್ಲ, ಚೂರು ಹಾಲು ಕಲಸಿ ಲಾಳಿಗೆ ಇಡುವುದು.

ಲಾಳಿ ನಮ್ಮ ನಾಯಿ. ಮಗ್ಗದ ಮೇಲೆ ಆ ಕಡೆಯಿಂದ ಈ ಕಡೆಗೆ, ಈ ಕಡೆಯಿಂದ ಆ ಕಡೆಗೆ ಓಡುವ ಲಾಳಿಯ ಹೆಸರನ್ನೇ ಅಪ್ಪ ಇಟ್ಟಿದ್ದ. ತುಬಚಿಯ ಹೊಲದಲ್ಲಿ ಕುರಿ ತರುಬಿ ಬೀಡುಬಿಟ್ಟಿದ್ದ ಒಬ್ಬ ಕುರುಬ ಹಿರಿಯ, ಇದು ಅಸಲಿ ಮುಧೋಳ ತಳಿ ಎಂದು ತಮ್ಮ ದೇವರು ಬೀರಪ್ಪನ ಆಣೆ ಮಾಡಿ ಕೊಟ್ಟ ಮರಿ. ನಾವು ಓಣಿಗೆಲ್ಲ ಹಾಗೇ ಹೇಳಿಕೊಂಡು ಬಂದೆವು. ಅದು ಬೆಳೆಯಿತು ನೋಡಿ, ಮೂತಿ ಮಾತ್ರ ಮುಧೋಳದ್ದು, ಉದ್ದ. ಕಾಲು ಬನಹಟ್ಟಿಯವು, ಗಿಡ್ಡ. ಹೊಟ್ಟೆ ಯಾವ ಊರಿನದೋ ಗೊತ್ತಿಲ್ಲ. ಬೆಕ್ಕು ಕಂಡರೆ ಓಣಿಯ ಮೂಲೆಯವರೆಗೆ ಬಾಣದ ಹಾಗೆ ಹೋಗುತ್ತಿತ್ತು. ಮೂಲೆ ಮುಟ್ಟಿದ ಕೂಡಲೇ ಬೆಕ್ಕನ್ನು ಬಿಟ್ಟು, ಕೆಲಸ ಮುಗಿಯಿತೆಂಬ ಗತ್ತಿನಲ್ಲಿ ತಿರುಗಿ ಬರುತ್ತಿತ್ತು. ಬೇಟೆಯ ತಳಿ ಎಂದು ಕೊಚ್ಚಿಕೊಂಡ ನಮ್ಮ ಮಾನ ದಿನಕ್ಕೆ ಎರಡು ಸಲ ಹೋಗುತ್ತಿತ್ತು.

ಆದರೂ ಲಾಳಿ ಎಂದರೆ ನನಗೆ ಜೀವ. ಸಾಲಿಯಿಂದ ಬರುವ ಹೊತ್ತಿಗೆ ಓಣಿಯ ಬಾಯಿಗೆ ಬಂದು ಕೂತಿರುತ್ತಿದ್ದಳು. ನಾನು ಫೇಲಾದ ದಿನವೂ ಅಷ್ಟೇ ಬಾಲ, ಪಾಸಾದ ದಿನವೂ ಅಷ್ಟೇ ಬಾಲ. ಮನೆಯಲ್ಲಿ ಹಾಗೆ ಮಾಡುವವರು ಇನ್ನೊಬ್ಬರಿರಲಿಲ್ಲ. ಓಣಿಯಲ್ಲಿ ನೂಲು ಎಳೆದು ಕಟ್ಟಿದ್ದಾಗ ಕೋಳಿ, ಆಡು, ಪಕ್ಕದ ಮನೆಯ ಮಕ್ಕಳು ಎಲ್ಲ ಕೆಳಗೆ ನುಸುಳುವರು. ಲಾಳಿ ಮಾತ್ರ ಸುತ್ತು ಹಾಕಿಕೊಂಡೇ ಹೋಗುತ್ತಿದ್ದಳು. ಯಾರೂ ಕಲಿಸಿದ್ದಲ್ಲ.

ಅಂಥ ಮನೆಗೆ ಅಣ್ಣನ ಹೆಂಡತಿಯಾಗಿ ಕಸ್ತೂರಿ ವೈನಿ ಬಂದರು. ಚಿಮ್ಮಡದವರು, ನಮ್ಮವರೇ, ಆದರೆ ಒಕ್ಕಲುತನದ ಮನೆ. ಮಗ್ಗ, ಗಂಜಿ ಏನೂ ಗೊತ್ತಿರಲಿಲ್ಲ. ನಾಯಿ ಮಾತ್ರ ಚೆನ್ನಾಗಿ ಗೊತ್ತಿತ್ತು. ಬಂದ ಎಂಟು ದಿನದಲ್ಲಿ ಲಾಳಿಯ ಬಟ್ಟಲು ಅವರ ಕೈಗೆ ಹೋಯಿತು, ಲಾಳಿಯೂ ಹೋದಳು. ಅವರು ರೊಟ್ಟಿ ಬಡಿಯುವಾಗ ಹೊಸ್ತಿಲ ಹೊರಗೆ ಮೂತಿ ಇಟ್ಟು ಮಲಗತೊಡಗಿದಳು. ನಾನು ಕರೆದರೆ ಒಂದು ಕಣ್ಣು ತೆರೆದು ನೋಡಿ ಮತ್ತೆ ಮುಚ್ಚುತ್ತಿದ್ದಳು. ನನಗೆ ಹೊಟ್ಟೆಕಿಚ್ಚಾಯಿತು. ಇದನ್ನು ಬರೆಯಲು ನಾಚಿಕೆ ಯಾಕೆ ಪಡಲಿ, ಆದದ್ದೇ ಹಾಗೆ. ನಾಯಿ ಬೇರೆಯವರನ್ನು ಪ್ರೀತಿಸಿತೆಂದು ಇಪ್ಪತ್ತರ ಹುಡುಗಿ ಕುದ್ದು ಹೋದಳು.

ಆ ವರ್ಷ ಕೆಳಗೆ ಆಲಮಟ್ಟಿ ಅಣೆಕಟ್ಟಿನಲ್ಲಿ ನೀರು ನಿಲ್ಲಿಸಿ, ಅನಗವಾಡಿಯ ಹತ್ತಿರ ಹಿನ್ನೀರು ಸಮುದ್ರದ ಹಾಗೆ ಬಂದು ನಿಂತಿದೆ ಎಂದು ಸುದ್ದಿಯಾಯಿತು. ಊರಿಗೆ ಊರೇ ಬುತ್ತಿ ಕಟ್ಟಿಕೊಂಡು ನೋಡಲು ಹೊರಟಿತು. ಯಾರದೋ ಹೊಲ, ಯಾರದೋ ಮನೆಯ ಗೋಡೆ ಆ ನೀರಿನ ಅಡಿಯಲ್ಲಿದೆ ಎನ್ನುವುದು ನಮಗೆ ಯಾರಿಗೂ ಹೊಳೆಯಲಿಲ್ಲ. ನಾವು ನೀರು ನೋಡುವ ಉಮೇದಿನಲ್ಲಿದ್ದೆವು. ಅಣ್ಣ ಒಂದು ಟೆಂಪೋ ಗೊತ್ತು ಮಾಡಿದ. ವೈನಿಯನ್ನು, ಅವ್ವನನ್ನು ಕೂಡಿಸಿಕೊಂಡ. ನೂಲು ಸುತ್ತುವ ಕೆಲಸ ಉಳಿದಿದೆ, ನೀನು ಇರು ಎಂದು ನನ್ನನ್ನು ಬಿಟ್ಟು ಹೋದ.

ಅವರು ಸಂಜೆಗೆ ಬಂದರು. ನಾನು ಮಾತು ಬಿಟ್ಟಿದ್ದೆ. ಅವ್ವನ ಜೊತೆ, ಅಣ್ಣನ ಜೊತೆ, ಎಲ್ಲಕ್ಕಿಂತ ಹೆಚ್ಚಾಗಿ ವೈನಿಯ ಜೊತೆ. ನಾನು ಮಾತು ಬಿಟ್ಟರೆ ಮೂರು ದಿನ ಕಡ್ಡಾಯ. ಬೇಕಾದ್ದನ್ನು ಬೆರಳು ಮಾಡಿ ತೋರಿಸುತ್ತಿದ್ದೆ. ಅಪ್ಪ ನಕ್ಕು, ಈಕೆ ಮೌನಗೌರಿ ವ್ರತ ಹಿಡಿದಿದ್ದಾಳೆ ಎಂದ. ಅದಕ್ಕೆ ಇನ್ನಷ್ಟು ಬಿಗಿದುಕೊಂಡೆ.

ಮರುದಿನ ಬೆಳಿಗ್ಗೆ ಅಡುಗೆಮನೆಗೆ ಹೋದೆ. ಗಂಜಿ ಕುದ್ದು ಇಳಿದಿತ್ತು. ವೈನಿ ಹಿತ್ತಲಲ್ಲಿ ನೀರು ತುಂಬುತ್ತಿದ್ದರು, ಉಳಿದವರು ವಿದ್ಯುತ್ ಮಗ್ಗಗಳ ಗದ್ದಲದ ನಡುವೆ ಓಣಿಯ ಆ ತುದಿಯಲ್ಲಿ ನೂಲು ಎಳೆಯುತ್ತಿದ್ದರು. ಅವರು ಬಂದು ಲಾಳಿಯ ಬಟ್ಟಲು ತೆಗೆಯುವವರೆಗೆ ನಾನು ಕಾಯಬೇಕಿತ್ತು. ಕಾದರೆ ಅವರ ಮುಖ ನೋಡಬೇಕು. ತುತ್ತವನ್ನು ಅರೆಬರೆ ಕುಟ್ಟಿ ಪಾತ್ರೆಗೆ ಸುರಿದೆ. ಎರಡು ಸಲ ಸೌಟು ಆಡಿಸಿದೆ. ಬಾಗಿಲಿಗೆ ಬಂದೆ. ಬಾಯಿ ತೆರೆಯಲಿಲ್ಲ. ಮಾತು ಬಿಟ್ಟವಳು ಕೂಗಿದರೆ ಸೋತಂತಲ್ಲವೆ? ಆ ಯೋಚನೆ ನನಗೆ ಇವತ್ತಿಗೂ ಅಕ್ಷರ ಅಕ್ಷರ ನೆನಪಿದೆ. ಮರೆತೆ ಎಂದು ಹೇಳಿದರೆ ಅದು ಇನ್ನೊಂದು ಸುಳ್ಳಾಗುತ್ತದೆ. ನಾನು ಮರೆಯಲಿಲ್ಲ, ಕೂಗಲಿಲ್ಲ. ಓಣಿಗೆ ಹೋಗಿ ನೂಲಿನ ಗೂಟ ಬಿಗಿಯುತ್ತ ನಿಂತೆ.

ವೈನಿ ಬಂದರು. ಕೂಗು ಕೇಳಿರಲಿಲ್ಲ. ದಿನದ ಹಾಗೆ ಬುಡದಿಂದ ಒಂದು ಬಟ್ಟಲು ತೆಗೆದರು. ಕರಗದ ಹರಳೆಲ್ಲ ಬುಡದಲ್ಲೇ ಕೂತಿದ್ದವು. ಬೆಲ್ಲ ಕಲಸಿದರು, ಹಾಲು ಹಾಕಿದರು, ಬೆಲ್ಲದ ಕಂದು ಬಣ್ಣದಲ್ಲಿ ನೀಲಿ ಅಡಗಿಹೋಯಿತು.

ಸ್ವಲ್ಪ ಹೊತ್ತಿಗೆ ಲಾಳಿ ಕಟ್ಟೆಯ ಕೆಳಗೆ ನೀಲಿ ನೀಲಿ ಕಾರಿಕೊಳ್ಳತೊಡಗಿದಳು. ಅಪ್ಪ ನೋಡಿದ ಕೂಡಲೇ ಗುರುತು ಹಿಡಿದ. ಮಜ್ಜಿಗೆ ಕುಡಿಸಿದರು, ತತ್ತಿ ಒಡೆದು ಬಾಯಿಗೆ ಹಾಕಿದರು. ದನದ ಡಾಕ್ಟರು ಬಂದು ಸೂಜಿ ಮಾಡಿ, ಒಳಗೆಲ್ಲ ಸುಟ್ಟಿದೆ, ನೋಡೋಣ ಎಂದರು. ಅವ್ವ ನಡುಮನೆಯಲ್ಲಿ ನಿಂತು ವೈನಿಯನ್ನು ಕೇಳಿದಳು, ಕೂಗು ಕೇಳಿದ ಮೇಲೂ ಯಾಕೆ ತೆಗೆದೆ ಎಂದು.

"ಕೂಗು ಕೇಳಸಲಿಲ್ರಿ ಅತ್ತಿ," ಎಂದರು ವೈನಿ.

ಎಲ್ಲರೂ ನನ್ನ ಕಡೆ ತಿರುಗಿದರು. ಹೇಳಬೇಕಾದದ್ದು ಎರಡೇ ಮಾತು. ನಾನು ಹೇಳಿದ್ದೂ ಎರಡೇ ಮಾತು.

"ನಾ ಒದರೇನಿ."

ಕೂಗಿದ್ದೇನೆ ಎಂದುಬಿಟ್ಟೆ, ಅಲ್ಲಿಗೆ ಮುಗಿಯಿತು. ನನ್ನ ಮಾತನ್ನು ಯಾರೂ ಅನುಮಾನಿಸಲಿಲ್ಲ, ಏಕೆಂದರೆ ನಾಲ್ಕು ವರ್ಷದಲ್ಲಿ ನಾನು ಒಂದು ದಿನವೂ ತಪ್ಪಿಸಿರಲಿಲ್ಲ. ವೈನಿ ಮನೆಗೆ ಬಂದು ಆರು ತಿಂಗಳು. ಒಕ್ಕಲಗೇರಿಯಲ್ಲಿ ಬೆಳೆದವಳಿಗೆ ಮಗ್ಗದ ಮನೆಯ ಕಟ್ಟಳೆ ಏನು ಗೊತ್ತು ಎಂದಳು ಅವ್ವ. ವೈನಿ ನನ್ನ ಮುಖವನ್ನೇ ನೋಡಿದರು. ಆ ನೋಟದಲ್ಲಿ ಸಿಟ್ಟಿರಲಿಲ್ಲ. ತಮ್ಮ ಕಿವಿಯ ಮೇಲೆ ಅವರಿಗೆ ಅನುಮಾನ ಬಂದಿತ್ತು, ಅಷ್ಟೇ.

ಮರುದಿನ ಸಂಜೆ ಲಾಳಿ ಸತ್ತಳು. ನಾನು ಎದುರಿಗಿರಲಿಲ್ಲ. ನೂಲಿನ ಕೋಣೆಯಲ್ಲಿ ಚೀಲಗಳ ನಡುವೆ ಕೂತಿದ್ದೆ. ಹೊರಗೆ ಬಂದರೆ ಅವಳು ಬಾಲ ಆಡಿಸುತ್ತಾಳೆ ಎಂದು ಹೆದರಿಕೆ. ಕೃಷ್ಣೆಯ ಕಡೆ ಹೋಗುವ ದಾರಿಯಲ್ಲಿ, ಪರಿಚಯದವರ ಹೊಲದ ಬದುವಿನಲ್ಲಿ ಅಪ್ಪ, ಅಣ್ಣ ಮಣ್ಣು ಮಾಡಿ ಬಂದರು. ಮನೆಯಲ್ಲಿ ಇನ್ನು ನಾಯಿ ಬೇಡ ಎಂದ ಅಪ್ಪ. ಗಂಜಿ ಪಾತ್ರೆಯ ಹತ್ತಿರ ವೈನಿ ಸುಳಿಯಬಾರದು ಎಂದಳು ಅವ್ವ.

ನಾಯಿ ಸತ್ತದ್ದಕ್ಕೆ ಎಷ್ಟು ದಿನ ಅಳಬಹುದು ಎಂದು ನೀವು ಕೇಳಬಹುದು. ನನಗೆ ಒಂದು ದಿನವೂ ಸರಿಯಾಗಿ ಅಳಲು ಆಗಲಿಲ್ಲ. ಕಣ್ಣಲ್ಲಿ ನೀರು ಬಂದರೆ ಹಿಂದೆಯೇ ಒಂದು ದನಿ, ನೀನು ಯಾವ ಮುಖದಿಂದ ಅಳುತ್ತೀ ಎಂದು ಬರುತ್ತಿತ್ತು. ಅವಳ ಹೆಸರು ಯಾರಾದರೂ ತೆಗೆದರೆ ಎದ್ದು ಹೋಗುತ್ತಿದ್ದೆ. ಎಷ್ಟು ಪ್ರೀತಿ ನೋಡು ಹುಡುಗಿಗೆ ಎನ್ನುತ್ತಿದ್ದರು ಮಂದಿ. ಆ ಹೊಗಳಿಕೆಯನ್ನೂ ಸುಮ್ಮನೆ ನುಂಗಿದೆ.

ಅತ್ತ ವೈನಿ ಬದಲಾದರು. ಯಾರು ಏನು ಹೇಳಿದರೂ ಇನ್ನೊಮ್ಮೆ ಕೇಳುವ ಚಟ ಬಿತ್ತು. ಚಹಾ ತಾ ಎಂದರೆ "ಏನಂದ್ರಿ?" ಬಾಗಿಲು ಹಾಕು ಎಂದರೆ "ಏನಂದ್ರಿ?" ಅಣ್ಣ ಬಾಗಲಕೋಟೆಗೆ ಕರೆದುಕೊಂಡು ಹೋಗಿ ಕಿವಿ ತೋರಿಸಿದ. ಕಿವಿ ಚೆನ್ನಾಗಿವೆ ಎಂದರು ಡಾಕ್ಟರು. ಆದರೂ ಚಟ ಹೋಗಲಿಲ್ಲ. ಮನೆಯಲ್ಲಿ ಅವರಿಗೆ ಕಿವುಡಿ ಎಂದು ಹೆಸರಾಯಿತು. ಪ್ರೀತಿಯಿಂದಲೇ ಕರೆಯುತ್ತಿದ್ದರು, ಅವರೂ ನಗುತ್ತಿದ್ದರು. ಹೇಳಲೇ? ಒಂದೆರಡು ಸಲ ನಾನೂ ಕರೆದಿದ್ದೇನೆ.

ಮದುವೆಯಾಗಿ ಜಮಖಂಡಿಗೆ ಬಂದೆ. ಬನಹಟ್ಟಿ ಎಷ್ಟು ದೂರ, ಬಸ್ಸಿನಲ್ಲಿ ಒಂದು ನಿದ್ದೆಯೂ ಆಗುವುದಿಲ್ಲ. ಹಬ್ಬಕ್ಕೊಮ್ಮೆ ಹೋಗುವಾಗ ಇವತ್ತು ಹೇಳೇಬಿಡುತ್ತೇನೆ ಎಂದು ಹತ್ತುತ್ತಿದ್ದೆ. ಇಳಿಯುವ ಹೊತ್ತಿಗೆ ಧೈರ್ಯ ಸೀಟಿನ ಮೇಲೆಯೇ ಉಳಿಯುತ್ತಿತ್ತು. ಹೇಳುವ ಬದಲು ವೈನಿಗೆ ಸೀರೆ ಒಯ್ಯುತ್ತಿದ್ದೆ, ನೇಕಾರರ ಮನೆಗೆ ಸೀರೆ! ಅವರ ಜಂಪರುಗಳನ್ನೆಲ್ಲ ನಾನೇ ಹೊಲಿದುಕೊಟ್ಟೆ. ಜಮಖಂಡಿಯ ನಮ್ಮ ಓಣಿಯ ನಾಯಿಗಳಿಗೆ ದಿನಾ ರೊಟ್ಟಿ ಹಾಕಿದೆ. ನಾನು ಪೇಟೆಗೆ ಹೊರಟರೆ ಹಿಂದೆ ಐದಾರು ನಾಯಿಗಳ ದಿಬ್ಬಣ. ಏನು ಪುಣ್ಯ ಕಟ್ಟಿಕೊಳ್ಳುತ್ತೀ ಎಂದು ಮನೆಯವರು ತಮಾಷೆ ಮಾಡುತ್ತಿದ್ದರು. ಪುಣ್ಯದ ಮಾತು ದೂರ, ಬಡ್ಡಿಯೂ ತೀರಿರಲಿಲ್ಲ. ಈ ನಡುವೆ ಅಪ್ಪ ತೀರಿಹೋದ. ನನ್ನ ಮಾತನ್ನು ನಂಬಿಕೊಂಡೇ ಹೋದ. ಅವನ ಮುಂದೆ ನಿಜ ಹೇಳುವ ದಾರಿ ಮುಚ್ಚಿತು. ಉಳಿದವರ ಮುಂದೆ ಇನ್ನೂ ತೆರೆದಿತ್ತು.

ಹೋದ ತಿಂಗಳು ಆ ಪೊಟ್ಟಣದ ಮುಂದೆ ಕೂತು ಯೋಚಿಸಿದೆ. ಹನ್ನೆರಡು ವರ್ಷ ತಡವಾಗಿ, ಯಾರಿಗೂ ಬೇಡದ ಕಡೆ ಕೂಗಿದ್ದೆ. ನಡುಗಿದರೆ ಏನು ಬಂತು, ಅಂಜುಬುರುಕಿಯ ಆಟ ಸಾಕು ಎನಿಸಿತು. ಮನೆಯವರಿಗೆ ಮೊದಲು ಹೇಳಿದೆ, ಎಲ್ಲವನ್ನೂ. ಅವರು, ಈಗ ಹೇಳಿದರೆ ನಿನ್ನ ವೈನಿಯ ಮನಸ್ಸು ಕೆಡುವುದಿಲ್ಲವೇ ಎಂದರು. ಕೆಡಲಿ ಎಂದೆ. ನನ್ನ ಮನಸ್ಸು ಕಾಯಲು ಅವರ ಕಿವಿ ಕೆಡಿಸಿಟ್ಟಿದ್ದು ಸಾಕು. ಕ್ಲಾಸಿಗೆ ಸೂಟಿ ಕೊಟ್ಟು ಬಸ್ಸು ಹತ್ತಿದೆ. ಅವತ್ತು ಸೀರೆ ಒಯ್ಯಲಿಲ್ಲ, ಹಣ್ಣು ಒಯ್ಯಲಿಲ್ಲ, ಬರಿಗೈಯಲ್ಲಿ ಹೋದೆ.

ಈಗ ನಮ್ಮ ತವರಿನಲ್ಲಿ ಕುಣಿ ಮುಚ್ಚಿ ಎರಡು ವಿದ್ಯುತ್ ಮಗ್ಗ ಕೂಡಿಸಿದ್ದಾರೆ. ಒಳಗೆ ಕಾಲಿಟ್ಟರೆ ಎದುರಿಗಿದ್ದವರ ಮಾತು ಕೇಳುವುದಿಲ್ಲ. ಅಣ್ಣ ಮಗ್ಗದ ಮುಂದಿದ್ದ, ಅವ್ವ ಮಂಚದ ಮೇಲೆ, ವೈನಿ ಒಳಗೆ ರೊಟ್ಟಿ ಬಡಿಯುತ್ತಿದ್ದರು. ನಾನು ಚಪ್ಪಲಿ ಬಿಟ್ಟವಳು ನೇರ ಗೋಡೆಗೆ ಹೋಗಿ ಎರಡೂ ಮಗ್ಗದ ಬಟನ್ ಒತ್ತಿ ಬಂದ್ ಮಾಡಿದೆ. ಮನೆ ಒಮ್ಮೆಲೇ ಸುಮ್ಮನಾಯಿತು.

"ಯಾಕಬೇ, ಏನಾತು?" ಎಂದ ಅಣ್ಣ.

ವೈನಿಯನ್ನು ಕರೆದೆ. ಕೈಯಲ್ಲಿ ಹಿಟ್ಟು ಮೆತ್ತಿಕೊಂಡೇ ಬಂದರು. ಬಸ್ಸಿನಲ್ಲಿ ಜೋಡಿಸಿಕೊಂಡಿದ್ದ ಪೀಠಿಕೆ ಒಂದೂ ನೆನಪಾಗಲಿಲ್ಲ.

"ವೈನಿ, ಲಾಳಿಗೆ ವಿಷ ಆದ ದಿನ ನಾ ಒದರಿದ್ದಿಲ್ರಿ."

"ಏನಂದ್ರಿ?" ಎಂದರು ವೈನಿ.

ಅಣ್ಣ ರೂಢಿಯ ಮೇಲೆ ನಕ್ಕ. ಮಗ್ಗ ನಿಂತರೂ ಕಿವುಡಿಗೆ ಕೇಳುವುದಿಲ್ಲ ಎಂದ. ಬದುಕಿನಲ್ಲಿ ಒಮ್ಮೆ ಹೇಳುವುದೇ ಕಷ್ಟವಾಗಿದ್ದ ಮಾತನ್ನು ಎರಡನೆಯ ಸಲ ಹೇಳಬೇಕಾಯಿತು. ಸರಿಯಾದ ಶಿಕ್ಷೆ ಎನಿಸಿತು. ಗಟ್ಟಿಯಾಗಿ ಹೇಳಿದೆ.

"ನಾ ತುತ್ತ ಹಾಕಿ ಕೂಗಲಿಲ್ರಿ. ನಿಮ್ಮ ಮ್ಯಾಲಿನ ಸಿಟ್ಟಿಗೆ ಬಾಯಿ ಮುಚ್ಚಿಕೊಂಡು ಹೋದೆ. ಆಮ್ಯಾಲ ಒದರೇನಿ ಅಂತ ಸುಳ್ಳ ಹೇಳಿದೆ. ನಿಮ್ಮದೇನೂ ತಪ್ಪಿದ್ದಿಲ್ಲ."

ಅಣ್ಣನ ನಗು ಅಲ್ಲೇ ನಿಂತಿತು. ಮೊದಲು ಮಾತಾಡಿದವಳು ಅವ್ವ. ಹೋಗಲಿ ಬಿಡು, ಹಳೆಯ ಮಾತು, ಈಗ ಯಾಕೆ ಕೆದಕುತ್ತೀ ಎಂದಳು. "ಹೋಗೂದಿಲ್ಲವ್ವಾ," ಎಂದೆ. ನಮ್ಮ ಪಾಲಿಗೆ ಹಳೆಯದು, ವೈನಿಗೆ ದಿನಾ ಹೊಸದು ಎಂದೆ. ಅವ್ವ ಸೆರಗಿನಿಂದ ಬಾಯಿ ಒರೆಸಿಕೊಂಡಳು.

ವೈನಿ ಮಗ್ಗದ ಕಂಬ ಹಿಡಿದು ನಿಂತಿದ್ದರು. ನಾನು ವಯಸ್ಸಿನಲ್ಲಿ ಚಿಕ್ಕವಳಾದರೂ, ಬಂದ ದಿನದಿಂದ ಅವರು ನನಗೆ ರೀ ಹಚ್ಚದೆ ಮಾತಾಡಿದವರಲ್ಲ. ಅವತ್ತು ಹಚ್ಚಲಿಲ್ಲ.

"ಹಂಗಾರ ನನ್ನ ಕಿವಿ ಛಲೋ ಇದ್ದೂ," ಎಂದರು. ಮತ್ತೆ ಸ್ವಲ್ಪ ತಡೆದು, "ಎರಡು ದಿನ ಅದರ ತಲಿ ತೊಡಿ ಮ್ಯಾಲ ಇಟ್ಕೊಂಡು ಕುಂತಿದ್ನಿ. ಅದಕ್ಕ ಕೇಳಿದ್ನಿ, ನಿನಗರ ಕೇಳಸಿತ್ತೇನ ಆ ಕೂಗು ಅಂತ. ನಾಯಿ ಕಿವಿ, ಅದಕ್ಕರ ಕೇಳಿರಬೇಕಲ್ಲ. ಸಾಯೂತನಾ ಅದನ್ನ ಕೇಳಿದ್ನಿ. ನೀ ಒಳಗ ಕುಂತಿದ್ದಿ," ಎಂದರು.

ಕ್ಷಮಿಸಿ ಎನ್ನುವ ಮಾತು ಬಾಯಿಯ ತನಕ ಬಂದಿತ್ತು. ಅದನ್ನು ಕೇಳಿದರೆ ಅವರು ಕೊಡಬೇಕಾಗುತ್ತದೆ, ಈ ಮನೆಯಲ್ಲಿ ಅವರು ಕೊಡುತ್ತಲೇ ಬಂದಿದ್ದಾರೆ. ಅದಕ್ಕೆ ಕೇಳಲಿಲ್ಲ.

ವೈನಿ ಒಳಗೆ ಹೋಗಿ ಉಳಿದ ರೊಟ್ಟಿ ಬಡಿದರು. ನನಗೆ ಬಡಿಸಿದರು, ನನ್ನ ಜೊತೆ ಕೂಡಲಿಲ್ಲ. ಊಟವಾದ ಮೇಲೆ ಅವ್ವ ಗೋಡೆ ಹಿಡಿದುಕೊಂಡು ಅಡುಗೆಮನೆಯ ಬಾಗಿಲಿಗೆ ಹೋದದ್ದನ್ನು ನೋಡಿದೆ. ಎಪ್ಪತ್ತು ದಾಟಿದ ಜೀವ, ಸೊಸೆಯ ಮುಂದೆ ತಗ್ಗಿದವಳಲ್ಲ. "ಕಸ್ತೂರಿ, ನಾ ಅಂದಿದ್ದು ತಪ್ಪಾತವಾ," ಎಂದಳು. ವೈನಿ ಭಾಂಡೆ ತೊಳೆಯುತ್ತಲೇ ಇದ್ದರು. ಈ ಸಲ ಏನಂದ್ರಿ ಎಂದು ಕೇಳಲಿಲ್ಲ.

ಬರುವಾಗ ಅಣ್ಣ ಬಸ್ ಸ್ಟ್ಯಾಂಡಿನ ತನಕ ಬಂದ. ಬಸ್ಸು ಬಂದಾಗ, ನಾನು ಎಷ್ಟು ಸಲ ಕಿವುಡಿ ಅಂದಿರಬೇಕು ಎಂದು ತನ್ನಷ್ಟಕ್ಕೆ ಹೇಳಿಕೊಂಡ. ನಾನು ಕಿಟಕಿಯ ಬದಿಗೆ ಕೂತೆ. ಊರು ದಾಟಿದ ಮೇಲೆ ಅಳು ಬಂತು. ಲಾಳಿಗಾಗಿ ಬಂತು. ಅವಳ ಉದ್ದ ಮೂತಿ, ಗಿಡ್ಡ ಕಾಲು, ಓಣಿಯ ಮೂಲೆಯಿಂದ ತಿರುಗಿ ಬರುವ ಗತ್ತು, ಎಲ್ಲ ಒಂದೊಂದಾಗಿ ಬಂದವು. ಹನ್ನೆರಡು ವರ್ಷದಲ್ಲಿ ಮೊದಲ ಸಲ ಆ ಹಿಂದಿನ ದನಿ ಬರಲಿಲ್ಲ. ಪಕ್ಕದಲ್ಲಿ ಕೂತಿದ್ದ ಹೆಂಗಸು ಯಾರು ಹೋದರವ್ವ ಎಂದು ಕೇಳಿದಳು. ನಮ್ಮ ನಾಯಿ ಎಂದೆ. ಯಾವಾಗ ಎಂದಳು. ಹೇಳಿದರೆ ಬಸ್ಸು ಬದಲಿಸುತ್ತಿದ್ದಳೇನೋ, ಸುಮ್ಮನೆ ಅತ್ತೆ.

ಮನೆಯವರು ಹಗುರಾಯಿತೇ ಎಂದು ಕೇಳಿದರು. ಇಲ್ಲ ಎಂದೆ. ಹಗುರಾಗಿಲ್ಲ. ನನ್ನ ಭಾರವನ್ನು ಇಷ್ಟು ದಿನ ಇನ್ನೊಬ್ಬರು ಹೊತ್ತಿದ್ದರು, ಈಗ ಅದು ನನ್ನ ಹೆಗಲಿಗೆ ಬಂದಿದೆ. ಹೊರಲು ಬರುತ್ತದೆ, ಹೊರುತ್ತೇನೆ.

ನಂತರ ಎರಡು ವಾರ ತವರಿನಿಂದ ಫೋನ್ ಬರಲಿಲ್ಲ. ನಾನೂ ಮಾಡಲಿಲ್ಲ. ನಿನ್ನೆ ಮಧ್ಯಾಹ್ನ ಕ್ಲಾಸಿನಲ್ಲಿದ್ದಾಗ ವೈನಿಯೇ ಮಾಡಿದರು. ಹಿಂದೆ ಮಗ್ಗದ ಸದ್ದು ಜೋರಾಗಿತ್ತು. ನಾನು ಹೇಗಿದ್ದೀರಿ ಎಂದು ಮೆಲ್ಲಗೆ ಕೇಳಿದೆ, ಅಷ್ಟು ಗದ್ದಲದಲ್ಲೂ ಅವರಿಗೆ ಒಂದೇ ಸಲಕ್ಕೆ ಕೇಳಿಸಿತು.

"ನನ್ನ ಸಿಟ್ಟ ಇಳಿದಿಲ್ಲ ನೋಡು," ಎಂದರು.

"ಇಳೀಲಾರದ್ದು ನ್ಯಾಯ ಐತ್ರಿ," ಎಂದೆ.

"ಇಳೀಲಿಲ್ಲಂತ ಬರೂದು ಬಿಡಬ್ಯಾಡ ಮತ್ತ."

ಫೋನು ಇಟ್ಟರು. ಹುಡುಗಿಯರು ನನ್ನ ಮುಖ ನೋಡುತ್ತಿದ್ದರು. ಕಣ್ಣು ಒರೆಸಿಕೊಂಡು, ನಾಳೆ ಕ್ಲಾಸಿಲ್ಲ ಎಂದು ಹೇಳಿದೆ. ನಾಳೆ ಎಂದರೆ ಇವತ್ತು. ಹತ್ತು ಗಂಟೆಯ ಬಸ್ಸಿಗೆ ಹೊರಟಿದ್ದೇನೆ. ಅವರು ಬೈದರೆ ಕೂತು ಬೈಸಿಕೊಳ್ಳುತ್ತೇನೆ, ಮಾತು ಬಿಟ್ಟರೆ ಪಕ್ಕದಲ್ಲಿ ಕೂತು ರೊಟ್ಟಿಗೆ ಹಿಟ್ಟು ನಾದುತ್ತೇನೆ.